ಹುಳುಮನೆ ಬಾಗಿಲಿನ ವಿದೇಶಾಂಗ ನೀತಿ

ಭಾರತದ ವಿದೇಶಾಂಗ ಖಾತೆ ದೆಹಲಿಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಇನ್ನೊಂದು ಶಾಖೆ ಮೊಳಕಾಲ್ಮೂರಿನ ನಮ್ಮ ಜೂನಿಯರ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಕಿಟಕಿ ಪಕ್ಕದ ಮುರುಕು ಕುರ್ಚಿಯ ಮೇಲೆ ನಡೆಯುತ್ತಿತ್ತು ಎಂಬುದು ಅಲ್ಲಿ ಕೆಲಸ ಮಾಡಿದ ನಮ್ಮಂಥ ಕೆಲವರಿಗೆ ಮಾತ್ರ ಗೊತ್ತು. ಆ ಶಾಖೆಯ ಮಂತ್ರಿ, ಕಾರ್ಯದರ್ಶಿ, ರಾಯಭಾರಿ, ವಕ್ತಾರ ಎಲ್ಲ ಒಬ್ಬರೇ, ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಸತ್ತವರನ್ನು ಹೊಗಳಲು ಹೋಗಿ ಬದುಕಿರುವವರ ಜೊತೆ ಸಂಬಂಧ ಕೆಡಿಸಿಕೊಳ್ಳುವುದು ದಡ್ಡತನ ಎಂದು ಹೇಳಿಕೊಟ್ಟವರೂ ಅದೇ ಮೇಷ್ಟ್ರು.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ತೊಂಬತ್ತರ ದಶಕದ ಮಾತು. ಇಬ್ಬರ ಮನೆಯೂ ಚಳ್ಳಕೆರೆಯಲ್ಲಿ. ದಿನಾ ಬೆಳಿಗ್ಗೆ ತಳಕು, ಬಿ.ಜಿ.ಕೆರೆ, ಹಾನಗಲ್ ಎಂದು ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುವ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಆ ಬಸ್ಸಿನಲ್ಲಿ ಎರಡು ಬಣ. ಮುಂದಿನ ಸೀಟುಗಳು ಕಾಲೇಜಿನವರವು, ಹಿಂದಿನವು ಕಚೇರಿ ಗುಮಾಸ್ತರವು. ಯಾವುದೋ ಚುನಾವಣೆಯ ಡ್ಯೂಟಿ ಹಂಚುವಾಗ ಹತ್ತಿಕೊಂಡ ಜಗಳ ಕಿಟಕಿ ತೆಗೆಯುವ ಮುಚ್ಚುವ ವಿಷಯಕ್ಕೂ ಹಬ್ಬಿತ್ತು. ಮೇಷ್ಟ್ರು ಮಾತ್ರ ಸೀಟು ಖಾಲಿಯಿದ್ದರೂ ಕೂರದೆ ಎರಡೂ ಬಣಗಳ ನಡುವೆ ಕಂಬ ಹಿಡಿದು ನಿಲ್ಲುತ್ತಿದ್ದರು. "ಕೂತ್ಕೊಳ್ಳಿ ಸಾರ್" ಎಂದರೆ, "ಕೂತ್ರೆ ಒಂದು ಕಡೆ ಸೇರಿದಂಗಾಗುತ್ತೆ ಮೇಡಂ. ಅಲಿಪ್ತ ನೀತಿ ಅಂದ್ರೆ ಸೀಟಿದ್ರೂ ನಿಂತ್ಕೊಳ್ಳೋದು" ಎನ್ನುತ್ತಿದ್ದರು. ತಳಕು ದಾಟುವಷ್ಟರಲ್ಲಿ ಮಂಡಿ ನೋವು ಶುರುವಾಗಿ, ಬಿ.ಜಿ.ಕೆರೆ ಬರುವ ಹೊತ್ತಿಗೆ ಯಾರದೋ ಶೇಂಗಾ ಚೀಲದ ಮೇಲೆ ಕುಕ್ಕರಿಸಿರುತ್ತಿದ್ದರು. ಚೀಲ ಯಾವ ಬಣಕ್ಕೂ ಸೇರಿದ್ದಲ್ಲ ಎಂದು ಅವರ ಸಮಜಾಯಿಷಿ. ಚೀಲದ ಯಜಮಾನ ಏನೆನ್ನುತ್ತಿದ್ದ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಸ್ಟಾಫ್ ರೂಮಿನಲ್ಲೂ ಇದೇ ಕಥೆ. ಪ್ರಿನ್ಸಿಪಾಲರ ಕಡೆಯವರು, ಪ್ರಿನ್ಸಿಪಾಲರನ್ನು ಕಂಡರಾಗದವರು. ಮೇಷ್ಟ್ರು ಎರಡೂ ಕಡೆಯ ಟೀ ಕುಡಿಯುತ್ತಿದ್ದರು, ಯಾರ ಅರ್ಜಿಗೂ ಸಹಿ ಹಾಕುತ್ತಿರಲಿಲ್ಲ. ಪರಿಣಾಮವಾಗಿ ಪರೀಕ್ಷೆ ಬಂದಾಗ ಎರಡೂ ಕಡೆಯವರು ಕೂಡಿ ಅವರಿಗೇ ಹೆಚ್ಚು ಡ್ಯೂಟಿ ಹಚ್ಚುತ್ತಿದ್ದರು. "ಎರಡೂ ಕಡೆಯೋರು ನನ್ನ ನಂಬಲ್ಲ ಮೇಡಂ. ಅಂದ್ರೆ ನಮ್ಮ ನೀತಿ ಸರಿಯಾಗೇ ಐತೆ" ಎಂದು ಬೀಗುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನುಷ್ಯ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು ಎಂದು ನಂಬಿದವಳು ನಾನು, ಆಗ ನನಗೆ ವಯಸ್ಸೂ ಕಡಿಮೆ.

ಪಾಠ ಮಾತ್ರ ಚೆನ್ನಾಗಿ ಮಾಡುತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದು ಚೂರಾದ ಮೇಲೂ ನಮ್ಮ ಪಠ್ಯಪುಸ್ತಕದಲ್ಲಿ ಅದು ಬಹಳ ವರ್ಷ ಗಟ್ಟಿಮುಟ್ಟಾಗಿತ್ತು. "ನೋಡ್ರಪ್ಪಾ, ಸೋವಿಯತ್ ಪ್ರಪಂಚದಾಗೆ ಇಲ್ಲ, ಪರೀಕ್ಷೆಯಾಗೆ ಐತೆ. ಪಾಸಾಗೋ ಆಸೆ ಇರೋರು ಐತೆ ಅಂತ ಬರೀರಿ, ಪಾಸಾದ ಮೇಲೆ ಇಲ್ಲ ಅಂತ ತಿಳ್ಕೊಳ್ಳಿ" ಎಂದು ಹೇಳಿ ಮುಂದೆ ಹೋಗುತ್ತಿದ್ದರು. ರಷ್ಯಾದಿಂದ ಬರುತ್ತಿದ್ದ ನುಣುಪು ಕಾಗದದ ಪತ್ರಿಕೆ ನಿಂತುಹೋದಾಗ ಅವರಿಗೆ ನಿಜವಾಗಿಯೂ ದುಃಖವಾಯಿತು. ಒಂದು ಮಹಾಶಕ್ತಿ ಕುಸಿಯಿತು ಎಂದಲ್ಲ, ಮಗಳ ಪುಸ್ತಕಗಳಿಗೆ ಬೈಂಡು ಹಾಕಲು ಅಷ್ಟು ಒಳ್ಳೆಯ ಕಾಗದ ಮತ್ತೆ ಸಿಗಲಿಲ್ಲ ಎಂದು.

ಅವರ ಹೆಂಡತಿಯ ತವರು ರಾಯದುರ್ಗ. ಮೊಳಕಾಲ್ಮೂರಿನಿಂದ ಹೊರಟರೆ ಕೂತ ಸೀಟು ಬಿಸಿಯಾಗುವುದರೊಳಗೆ ಬರುವ ಊರು, ಆದರೆ ಆಂಧ್ರದ್ದು. ಹೀಗಾಗಿ ತಮ್ಮದು ಅಂತರರಾಷ್ಟ್ರೀಯ ವಿವಾಹ ಎಂದು ಮೇಷ್ಟ್ರು ಹೇಳಿಕೊಳ್ಳುತ್ತಿದ್ದರು. ಮನೆಯಲ್ಲಿ ಯುದ್ಧ ಘೋಷಣೆ ತೆಲುಗಿನಲ್ಲಿ, ಕದನ ವಿರಾಮ ಕನ್ನಡದಲ್ಲಿ. ಅತ್ತೆ ಮನೆಗೆ ಹೋಗಿ ಬಂದರೆ "ವಿದೇಶ ಪ್ರವಾಸ ಮುಗಿಸ್ಕೊಂಡು ಬಂದೆ" ಎನ್ನುವರು. ಆ ಕಡೆಯಿಂದ ತಂದ ಮಾವಿನಕಾಯಿ ಉಪ್ಪಿನಕಾಯಿಯನ್ನು ನಮಗೆಲ್ಲ ಹಂಚುವುದು ಅವರ ಲೆಕ್ಕದಲ್ಲಿ ನೆರೆರಾಷ್ಟ್ರದ ನೆರವು. ಖಾರಕ್ಕೆ ನಮ್ಮ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಯಾರೂ ಬೇಡ ಎನ್ನುತ್ತಿರಲಿಲ್ಲ.

ಪ್ರಪಂಚ ಊರೊಳಗೆ ಬರುತ್ತಿದ್ದುದು ಎಲ್ಲರಿಗಿಂತ ಮೊದಲು ಅವರ ನಾಲಿಗೆಗೆ ಗೊತ್ತಾಗುತ್ತಿತ್ತು. ಚಳ್ಳಕೆರೆ ಎಂದರೆ ಆಗ ಎಣ್ಣೆ ಮಿಲ್ಲುಗಳ ಊರು. ಸಂಜೆ ಬಸ್ಸಿಳಿದರೆ ಇಡೀ ಊರೇ ಹುರಿದ ಶೇಂಗಾದ ವಾಸನೆ. ಒಂದು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕಚ್ಚಿದವರೇ ಅರ್ಧಕ್ಕೆ ನಿಲ್ಲಿಸಿ ಅಂಗಡಿಯವನನ್ನು ದುರುಗುಟ್ಟಿ ನೋಡಿದರು.

"ಏನಲೇ, ಎಣ್ಣೆ ಬದಲಾಯಿಸಿದೀಯಾ?"

"ಇಲ್ಲ ಸಾ, ಅದೇ ಎಣ್ಣೆ."

"ಇದು ನಮ್ಮೂರ ಶೇಂಗಾ ಎಣ್ಣೆ ಅಲ್ಲ. ಇದು ಹಡಗಿನಾಗೆ ಬಂದಿರೋದು."

ಅಂಗಡಿಯವನು ಹಲ್ಲು ಕಿರಿದ. ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಬರತೊಡಗಿತ್ತು. ಮುಂದೆ ಒಂದೊಂದೇ ಮಿಲ್ಲು ಬಾಗಿಲು ಹಾಕಿದಾಗ ನಮಗೆಲ್ಲ ಅರ್ಥವಾದದ್ದು ಅವರಿಗೆ ಅಂದು ಬಜ್ಜಿಯಲ್ಲೇ ಅರ್ಥವಾಗಿತ್ತು. ಹಾಗೆಂದು ಬಜ್ಜಿ ಬಿಟ್ಟರು ಎಂದುಕೊಳ್ಳಬೇಡಿ. ಪ್ರತಿಭಟನೆಯಾಗಿ ಒಂದು ಕಡಿಮೆ ತಿನ್ನುತ್ತಿದ್ದರು, ಅಷ್ಟೇ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬಗ್ಗೆಯೂ ಅವರಿಗೆ ಇಂಥದೇ ಒಂದು ಸಿದ್ಧಾಂತವಿತ್ತು. ಮಗ್ಗದವರು ಹಾಸಿಗೆ, ಅಂದರೆ ಉದ್ದದ ಎಳೆಗೆ, ಚೀನಾದ ನೂಲು ಹಾಕುತ್ತಿದ್ದರು. ಅದು ನುಣುಪು, ಕಡಿಯುವುದಿಲ್ಲ. ಅಡ್ಡ ಎಳೆಯ ಹೊಕ್ಕಿಗೆ ನಮ್ಮ ಹಳದಿ ಗೂಡಿನ ನೂಲು. ಗಡಿಯಲ್ಲಿ ಏನೇ ಗಲಾಟೆಯಾಗಲಿ, ಒಂದು ಸೀರೆಯೊಳಗೆ ಎರಡೂ ದೇಶ ಹೆಣೆದುಕೊಂಡಿವೆ ಎಂದು ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದರು. ಇದನ್ನು ಕೇಳಿದ ಹುಳು ಸಾಕುವವರ ಮಕ್ಕಳು ಮನೆಗೆ ಹೋಗಿ ಹೇಳಿ, ಅವರ ಅಪ್ಪಂದಿರು ಕಾಲೇಜಿಗೆ ಬಂದು, "ಏನ್ರೀ ಮೇಷ್ಟ್ರೇ, ನೀವು ಚೀನಾದೋರ ಕಡೆನಾ?" ಎಂದು ಕೇಳಿದ್ದೂ ಉಂಟು. ಅಲಿಪ್ತರ ಪಾಡು ಯಾವಾಗಲೂ ಇಷ್ಟೇ.

ಇಷ್ಟೆಲ್ಲ ಬುರುಡೆ ಬಿಡುತ್ತಿದ್ದ ಈ ಮನುಷ್ಯ ಜೀವನದಲ್ಲಿ ಒಬ್ಬರೇ ಒಬ್ಬರು ಪರದೇಶದವರೊಂದಿಗೂ ಮಾತಾಡಿರಲಿಲ್ಲ. ಒಮ್ಮೆ ರಾಂಪುರದ ಹೋಟೆಲೊಂದರ ಮುಂದೆ ಹಂಪಿಗೆ ಹೊರಟ ಕಾರು ಪಂಕ್ಚರಾಗಿ ನಿಂತು, ಬಿಳಿಯ ಹೆಂಗಸೊಬ್ಬಳು ನೀರು ಕುಡಿಯುತ್ತ ಕೂತಿದ್ದಳಂತೆ. ಮೇಷ್ಟ್ರು ಅಂಗಿ ಸರಿಮಾಡಿಕೊಂಡು, ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಹತ್ತಿರ ಹೋದರು. ಆಕೆ ತಲೆಯೆತ್ತಿ, "ನೋ ಗೈಡ್, ಥ್ಯಾಂಕ್ಸ್" ಎಂದಳು. ಅಲ್ಲಿಗೆ ಮಾತುಕತೆ ಮುರಿದುಬಿತ್ತು. ಇದನ್ನು ಅವರೇ ಹೇಳಿ ನಗಿಸುತ್ತಿದ್ದರು, ಆದರೆ ಅವರ ನಗು ನಮ್ಮದಕ್ಕಿಂತ ಸ್ವಲ್ಪ ಬೇಗ ನಿಲ್ಲುತ್ತಿತ್ತು.

"ಏನು ಕೇಳ್ಬೇಕಂತಿದ್ರಿ ಸಾರ್?" ಎಂದೆ ಒಂದು ಸಲ.

"ಒಂದೇ ಪ್ರಶ್ನೆ ಮೇಡಂ. ನಮ್ಮನ್ನ ಏನಂತ ತಿಳ್ಕೊಂಡಿದೀರಿ ಅಂತ. ನಾವು ಎದ್ದು ಹೋದ ಮೇಲೆ ಪಕ್ಕದ ಮನೆಯೋರು ನಮ್ಮ ಬಗ್ಗೆ ಏನು ಮಾತಾಡ್ತಾರೆ ಅಂತ ತಿಳ್ಕೊಳ್ಳೋಕೆ ಯಾರಿಗೆ ಆಸೆ ಇರಲ್ಲ ಹೇಳ್ರಿ? ವಿದೇಶಾಂಗ ನೀತಿ ಅಂದ್ರೆ ಅಷ್ಟೇಯ. ಉಳಿದದ್ದೆಲ್ಲ ಪರೀಕ್ಷೆಗೆ."

ಮರುಭೂಮಿಯಲ್ಲಿ ನಮ್ಮವರು ಅಣುಬಾಂಬು ಪರೀಕ್ಷೆ ಮಾಡಿದ ವರ್ಷ ಸ್ಟಾಫ್ ರೂಮಿನಲ್ಲಿ ಪೇಡ ಹಂಚಿದರು. ಮೇಷ್ಟ್ರು ಎರಡು ತಿಂದು, "ಸಿಹಿ ಚೆನ್ನಾಗೈತೆ. ಜಪಾನಿನೋರಿಗೆ ಮಾತ್ರ ಕಹಿ ಆಗಿರುತ್ತೆ" ಎಂದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಂಡವನು ನಮ್ಮ ಅಟೆಂಡರ್ ಬೋರಯ್ಯ ಒಬ್ಬನೇ. ಅವನ ಊರು ರಾಂಪುರದ ಕಡೆಯ ಒಂದು ಹಳ್ಳಿ. ಹೆಂಡತಿ ಓಬಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಜಪಾನಿನವರ ಸಹಕಾರದಿಂದ ಬಂದ ಬಿಳಿ ಗೂಡಿನ ತಳಿಯನ್ನು ನಮ್ಮ ತಾಲ್ಲೂಕಿನಲ್ಲೂ ಸಾಕಿಸಿ ನೋಡುವ ಮಾತು ನಡೆದಿತ್ತು. ಆ ಗೂಡಿನ ನೂಲು ಚೀನಾದ್ದರಷ್ಟೇ ನುಣುಪು, ಅದು ಬಂದರೆ ಹಾಸಿಗೂ ನಮ್ಮದೇ ನೂಲು ಎಂದು ಹೇಳುತ್ತಿದ್ದರು. ಊರಲ್ಲಿ ಯಾರೂ ಮುಂದೆ ಬರದಿದ್ದಾಗ ಓಬಮ್ಮ ತಾನು ಸಾಕುತ್ತೇನೆ ಎಂದು ಒಪ್ಪಿದ್ದಳು.

"ಸಾ, ಜಪಾನ್ ಸಿಟ್ಟಾಗೈತಂತಲ್ರಿ. ಮೊಟ್ಟೆ ಕೊಡ್ತಾರೋ ಇಲ್ವೋ?" ಎಂದು ಬೋರಯ್ಯ ಕೇಳಿದ.

ಮೇಷ್ಟ್ರ ಮುಖ ಅರಳಿತು. ಇಡೀ ಕಾಲೇಜಿನಲ್ಲಿ ಅವರನ್ನು ಮೊದಲ ಬಾರಿಗೆ ಒಬ್ಬರು ನಿಜವಾದ ವಿದೇಶಾಂಗ ಪ್ರಶ್ನೆ ಕೇಳಿದ್ದರು. "ಕೊಡ್ತಾರೆ. ದೊಡ್ಡೋರು ಮಾತು ಬಿಟ್ಟಾಗ ಹುಳು ಹುಪ್ಪಟೆ ಮಾತಾಡ್ಕೊಂಡಿರ್ತಾವೆ" ಎಂದರು. ಅವರ ಭವಿಷ್ಯವಾಣಿಗಳಲ್ಲಿ ನಿಜವಾದದ್ದು ಇದೊಂದೇ ಎಂದು ನನ್ನ ನೆನಪು. ಮೊಟ್ಟೆ ಬಂತು. ಆ ಚಳಿಗಾಲದಲ್ಲಿ ಜಪಾನಿನ ತಜ್ಞರೊಬ್ಬರು ಬಂದು ಓಬಮ್ಮನ ಹುಳುಮನೆ ನೋಡುತ್ತಾರೆ ಎಂಬ ಸುದ್ದಿಯೂ ಬಂತು. ಜಿಲ್ಲೆಯ ಒಂದು ಇಲಾಖೆಯ ಸಾಹೇಬರು ಇಂಗ್ಲಿಷ್ ಬಲ್ಲ ಸ್ಥಳೀಯರು ಬೇಕೆಂದು ಕೇಳಿದರು. ಪ್ರಿನ್ಸಿಪಾಲರು ಮೇಷ್ಟ್ರನ್ನು ತೋರಿಸಿದರು, ಕಾಲೇಜಿನಲ್ಲಿ ಒಂದು ದಿನವಾದರೂ ನೆಮ್ಮದಿಯಿರಲಿ ಎಂದು.

ಆ ವಾರ ಮೇಷ್ಟ್ರು ನೆಲದ ಮೇಲೆ ನಡೆಯಲಿಲ್ಲ. ಬಾಂಬಿನ ಬಗ್ಗೆ ಭಾರತದ ನಿಲುವು ಏನು, ಯಾಕೆ ಎಂದು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದರು. ಬಸ್ಸಿನಲ್ಲಿ ನಾನೇ ಜಪಾನಿ. ನನಗೆ ವಿವರಿಸುವರು, ನಾನು ಆಕಳಿಸಿದರೆ "ಅವರೂ ಹಿಂಗೇ ಆಕಳಿಸ್ಬೋದು, ಚಿಕ್ಕದು ಮಾಡ್ಬೇಕು" ಎಂದು ಮತ್ತೆ ಮೊದಲಿನಿಂದ ಶುರು ಮಾಡುವರು. ಎಲ್ಲ ಮುಗಿದ ಮೇಲೆ, ಕೊನೆಗೆ ಇಬ್ಬರೇ ಇದ್ದಾಗ, ತಮ್ಮ ಪ್ರಶ್ನೆ ಕೇಳುವುದೆಂದು ತೀರ್ಮಾನವಾಗಿತ್ತು. ಮಗುವಿನಂತೆ ಕುಣಿಯುತ್ತಿದ್ದ ಅವರನ್ನು ನೋಡಿ ನನಗೆ ಮೊದಲ ಸಲ ಪ್ರೀತಿ ಬಂತು ಎಂದರೆ ತಪ್ಪಲ್ಲ.

ಹಿಂದಿನ ದಿನ ಮಧ್ಯಾಹ್ನ ಬೋರಯ್ಯ ಬಾಡಿದ ಮುಖ ಹೊತ್ತುಕೊಂಡು ಬಂದ. ಹುಳು ನಾಲ್ಕನೇ ಜ್ವರ ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದವು, ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಕಾಲ. ಹುಳು ಸಾಕುವವರು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಈ ಹಂತದಲ್ಲಿ ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಮನೆಯವರೂ ಕಾಲು ತೊಳೆದೇ ಒಳಗೆ ಹೋಗಬೇಕು. ಹೂವು ಮುಡಿದಿರಬಾರದು, ಸೆಂಟು ಹಾಕಿರಬಾರದು, ಬೀಡಿ ತಂಬಾಕಿನ ಕೈಯಂತೂ ಕೂಡದೇ ಕೂಡದು. ಹುಳು ಸೊಪ್ಪು ಬಿಟ್ಟು ತಲೆ ಎತ್ತಿಬಿಡುತ್ತವೆ. ಆಮೇಲೆ ಬುಟ್ಟಿ ಬುಟ್ಟಿಯೇ ತಿಪ್ಪೆಗೆ.

"ಸಾ, ನಾಳೆ ಹದಿನೈದು ಇಪ್ಪತ್ತು ಜನ ಬರ್ತಾರಂತೆ. ಹಾರ, ಪನ್ನೀರು, ಊದುಬತ್ತಿ. ಫೋಟೋ ಒಳಗೇ ತೆಗೀಬೇಕಂತೆ. ಬೆಳಿಗ್ಗೇನೇ ಓಣಿಗೆಲ್ಲ ನೊಣ ಸಾಯೋ ಪುಡಿ ಹೊಡೀತಾರಂತೆ, ಪರದೇಶದೋರಿಗೆ ನೊಣ ಮುತ್ತಬಾರ್ದು ಅಂತ. ನಮ್ಮಾಕಿ ಕುಂತು ಅಳ್ತಾಳೆ. ಈ ಬೆಳೆ ಹೋದ್ರೆ ಊರೆಲ್ಲ ನಗ್ತೈತೆ ಸಾ. ಹಳದಿ ಗೂಡು ಬಿಟ್ಟು ಬಿಳೀದಕ್ಕೆ ಹೋದ್ಲು ಅಂತ ಆಗ್ಲೇ ಆಡ್ಕೊಂತಾವ್ರೆ."

ಹುಳುವಿನ ತಜ್ಞನನ್ನು ಗೌರವಿಸಲು ಹುಳುವನ್ನೇ ಕೊಲ್ಲುವ ಏರ್ಪಾಡು. ಇಷ್ಟು ಅಚ್ಚುಕಟ್ಟಾದ ಮೂರ್ಖತನ ನಮ್ಮವರಿಗಲ್ಲದೆ ಬೇರೆ ಯಾರಿಗೂ ಹೊಳೆಯುವುದಿಲ್ಲ. ಮೇಷ್ಟ್ರು ಸಂಜೆ ಚಳ್ಳಕೆರೆ ಬಸ್ಸು ಬಿಟ್ಟು ಬೋರಯ್ಯನ ಜೊತೆ ಅವನೂರಿಗೆ ಹೋದರು. ಓಣಿಯ ಬಾಯಲ್ಲಿ ಪುಡಿಯ ಮೂಟೆಗಳು ಇಳಿದಿದ್ದವು. ಪಂಚಾಯ್ತಿಯವನನ್ನು ಪಕ್ಕಕ್ಕೆ ಕರೆದು, ಜಪಾನಿನಲ್ಲಿ ಸಾವಾದ ಮನೆಯ ಮುಂದೆ ಮಾತ್ರ ಬಿಳಿ ಪುಡಿ ಚೆಲ್ಲುತ್ತಾರೆ, ನಾಳೆ ಅವರು ಅದನ್ನು ಕಂಡರೆ ಕಾರಿನಿಂದ ಇಳಿಯುವುದೇ ಇಲ್ಲ ಎಂದು ಗಂಭೀರವಾಗಿ ಹೇಳಿದರು. ಇಂಥ ಪದ್ಧತಿ ಜಪಾನಿನಲ್ಲಿ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಪಂಚಾಯ್ತಿಯವನು ಬೆವತು ಮೂಟೆಗಳನ್ನು ವಾಪಸ್ ಗಾಡಿಗೆ ಹೇರಿಸಿದ. ಅಷ್ಟಕ್ಕೇ ಬಿಡದೆ ಬೆಳಿಗ್ಗೆ ಎದ್ದು ರಂಗೋಲಿಯನ್ನೂ ನಿಲ್ಲಿಸಿದ. ಅದೂ ಬಿಳಿ ಪುಡಿಯೇ ತಾನೇ. ಊರ ಹೆಂಗಸರು ಬಣ್ಣದ ರಂಗೋಲಿ ಹಾಕಿ, ಜಪಾನಿನವರನ್ನೂ ಪಂಚಾಯ್ತಿಯವರನ್ನೂ ಸೇರಿಸಿ ಬೈದರು.

ಮಾರನೆಯ ದಿನ ನಾನೂ ಹೋದೆ. ಕಾಲೇಜಿನ ಕಡೆಯಿಂದ ಇಬ್ಬರು ಎಂದು ಪ್ರಿನ್ಸಿಪಾಲರ ಅಪ್ಪಣೆ. ರೇಷ್ಮೆ ಸೀರೆ ಉಟ್ಟು, ಮೊಳ ಮಲ್ಲಿಗೆ ಮುಡಿದು, ಪೌಡರು ಬಳಿದುಕೊಂಡು ಹೋದ ನನ್ನನ್ನು ಓಬಮ್ಮ ಮೇಲಿಂದ ಕೆಳಗೆ ನೋಡಿ, "ಅಕ್ಕಾರೆ, ನೀವು ಆ ಹುಣಸೆಮರದ ತಾವ ಕುಂತ್ಕಳ್ರಿ" ಎಂದಳು. ಕೂತೆ. ಹೀಗಾಗಿ ಮುಂದಿನದೆಲ್ಲ ನಾನು ಹುಣಸೆಮರದಡಿಯಿಂದ ಕಂಡದ್ದು.

ಕಾರುಗಳು ಬಂದವು. ಸಾಹೇಬರು, ಅವರ ಹಿಂದೆ ಖಾದಿ ಅಂಗಿಗಳು, ಹಾರ, ಪನ್ನೀರುದಾನಿ, ಕ್ಯಾಮೆರಾ. ಇವರೆಲ್ಲರ ನಡುವೆ ಗಿಡ್ಡಗೆ, ತೆಳ್ಳಗೆ, ಹಳೆಯ ಹತ್ತಿ ಟೋಪಿ ಹಾಕಿದ ಮನುಷ್ಯರೊಬ್ಬರು. ಸಾಹೇಬರು ಎರಡು ದೇಶಗಳ ಬಾಂಧವ್ಯದ ಬಗ್ಗೆ ಕನ್ನಡದಲ್ಲಿ ಉದ್ದಕ್ಕೆ ಮಾತಾಡಿದರು. ಮೇಷ್ಟ್ರು ಅದನ್ನು ಇಂಗ್ಲಿಷಿನಲ್ಲಿ "ನೀವು ಬಂದದ್ದು ಸಂತೋಷ" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಆಮೇಲೆ ಮೆರವಣಿಗೆ ಹುಳುಮನೆಯತ್ತ ಹೊರಟಿತು. ಬಾಗಿಲಿಗೆ ಅಡ್ಡವಾಗಿ ಓಬಮ್ಮ ನಿಂತಿದ್ದಳು. ಅವಳ ಪಕ್ಕಕ್ಕೆ ಹೋಗಿ ಮೇಷ್ಟ್ರೂ ನಿಂತರು. ಜೀವನವೆಲ್ಲ ಎರಡು ಬಣಗಳ ನಡುವೆ ಕಂಬ ಹಿಡಿದು ನಿಂತ ಮನುಷ್ಯ ಮೊದಲ ಸಲ ಒಂದು ಕಡೆಗೆ ಹೋಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

"ಸಾರ್, ಒಳಗೆ ಎಲ್ಲರೂ ಹೋಗಂಗಿಲ್ಲ. ಹುಳು ಹಣ್ಣಾಗೋ ಟೈಮು" ಎಂದರು.

"ಏನ್ರೀ ಮೇಷ್ಟ್ರೇ, ನಮಗೇ ರೂಲ್ಸ್ ಹೇಳ್ತೀರಾ? ಐದು ನಿಮಿಷ. ಫೋಟೋ ತೆಗೆದು ಬರ್ತೀವಿ. ಸರೀರಿ."

ಮೇಷ್ಟ್ರು ಜಪಾನಿನವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಹುಳುವಿಗಾಗಿ ಬಂದವರು ಮಾತ್ರ ಒಳಗೆ ಬರಲಿ ಎಂದು ಈ ತಾಯಿ ಕೇಳುತ್ತಿದ್ದಾಳೆ ಎಂದು ಹೇಳಿದರಂತೆ. ಆ ಮನುಷ್ಯ ತಲೆಯಾಡಿಸಿ "ಗುಡ್, ವೆರಿ ಗುಡ್" ಎಂದವರೇ ಕೊರಳಿನ ಹಾರ ತೆಗೆದು ಬೋರಯ್ಯನ ಕೈಗೆ ಕೊಟ್ಟರು. ಬೂಟು ಬಿಚ್ಚಿದರು. ಪ್ಯಾಂಟು ಮಡಚಿ ಬಾಗಿಲ ಬದಿಯ ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡರು, ಸೋಪು ಹಚ್ಚಿ ಕೈಯನ್ನೂ ತೊಳೆದರು. ಓಬಮ್ಮ ದಾರಿ ಬಿಟ್ಟಳು. ಆಕೆಯ ಹಿಂದೆ ಅವರು ತಲೆ ತಗ್ಗಿಸಿ ಒಳಗೆ ಹೋದರು.

ಸಾಹೇಬರ ಮುಖ ಕೆಂಪಾಯಿತು. "ಅವರು ಹೋದ್ರಲ್ಲ! ಇನ್ನು ನೀವು ಟ್ರಾನ್ಸ್‌ಲೇಟರ್ ಅಂತ ಹೋಗ್ತೀರಿ. ನೀವು ಹೋಗ್ಬೋದು, ನಾವು ಹೋಗ್ಬಾರ್ದು, ಅಲ್ವೇನ್ರೀ?"

ಒಂದು ಸಂಗತಿ ನಾನಿನ್ನೂ ಹೇಳಿಲ್ಲ. ಮೇಷ್ಟ್ರು ನಸ್ಯ ಹಾಕುತ್ತಿದ್ದರು. ಅಂದು ಬೆಳಿಗ್ಗೆ ಗಾಬರಿಗೋ ಸಂಭ್ರಮಕ್ಕೋ ಎಂದಿಗಿಂತ ಹೆಚ್ಚೇ ಹಾಕಿದ್ದರು. ಇದು ಸಾಹೇಬರಿಗೆ ಗೊತ್ತಿರಲಿಲ್ಲ. ಓಬಮ್ಮ ಒಳಗಿದ್ದಳು, ನಾನು ಮರದಡಿ ಇದ್ದೆ, ಬೋರಯ್ಯ ಬಾಯಿ ಬಿಡುವ ಪೈಕಿಯಲ್ಲ. ಮೇಷ್ಟ್ರು ಸುಮ್ಮನೆ ಕೈಕಾಲು ತೊಳೆದುಕೊಂಡು ಒಳಗೆ ನಡೆದಿದ್ದರೆ ಕೇಳುವವರಿರಲಿಲ್ಲ. ಒಳಗೆ ಅವರು ಇಡೀ ಜೀವಮಾನ ಕಾದ ಮನುಷ್ಯ ಇದ್ದ, ಫೋಟೋದವರ ಕಾಟವಿಲ್ಲದೆ, ಗಲಾಟೆಯಿಲ್ಲದೆ. ಆದರೆ ಅವರು ಒಳಗೆ ಕಾಲಿಟ್ಟರೆ ಹಿಂದೆಯೇ ಇಡೀ ಮೆರವಣಿಗೆ ನುಗ್ಗುತ್ತಿತ್ತು. ಮೇಷ್ಟ್ರು ಒಂದು ಸಲ ಬಾಗಿಲ ಕಡೆ ನೋಡಿದರು. ಆಮೇಲೆ ಜೇಬಿನಿಂದ ನಸ್ಯದ ಡಬ್ಬಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದರು.

"ನಾನೂ ಹೋಗಂಗಿಲ್ಲ ಸಾರ್. ನನ್ನ ಮೂಗಿನ ತುಂಬ ತಂಬಾಕು ಐತೆ."

ಹಾಗೆಂದು ಬಾಗಿಲು ಬಿಟ್ಟು ಬಂದು ಸಾಹೇಬರ ಪಕ್ಕದಲ್ಲೇ ನಿಂತರು. ಇಂಗ್ಲಿಷ್ ಬಲ್ಲ ಮನುಷ್ಯನೇ ಹೊರಗೆ ನಿಂತ ಮೇಲೆ ಉಳಿದವರು ನುಗ್ಗುವುದು ಹೇಗೆ? ಪನ್ನೀರುದಾನಿ ಹಿಡಿದವನು ಅದನ್ನು ಜಗಲಿಯ ಮೇಲಿಟ್ಟು ಕೂತ. ಸಾಹೇಬರು ಗಡಿಯಾರ ನೋಡತೊಡಗಿದರು.

ಒಳಗಿನಿಂದ ಮೊದಲು ಏನೂ ಕೇಳಲಿಲ್ಲ. ಆಮೇಲೆ ಓಬಮ್ಮ ನಕ್ಕಳು. ಹಿಂದೆಯೇ ಆ ಮನುಷ್ಯನೂ ನಕ್ಕರು. ಮತ್ತೆ ಓಬಮ್ಮನ ಮಾತು, ಕನ್ನಡದಲ್ಲಿ, ದೊಡ್ಡ ದನಿಯಲ್ಲಿ, ಕಿವುಡರಿಗೆ ಹೇಳುವ ಹಾಗೆ. ಅದಕ್ಕೆ ಅವರ ಭಾಷೆಯಲ್ಲಿ ಉತ್ತರ. ಮೇಷ್ಟ್ರು ಮೆಲ್ಲಗೆ ನನ್ನ ಹತ್ತಿರ ಬಂದರು.

"ಏನು ಮಾತಾಡ್ತಾವ್ರೆ ಮೇಡಂ?"

"ನನಗೇನು ಗೊತ್ತು ಸಾರ್."

"ನಗ್ತಾವ್ರಲ್ಲ."

ಅವರ ಮುಖದಲ್ಲಿದ್ದದ್ದು ಶುದ್ಧ ಹೊಟ್ಟೆಕಿಚ್ಚು. ತ್ಯಾಗ ಮಾಡಿದವರ ಮುಖದಲ್ಲಿ ಶಾಂತಿ ಇರುತ್ತದೆ ಎಂದು ಬರೆಯುವವರು ಆ ಮುಖ ನೋಡಬೇಕಿತ್ತು.

ಜಪಾನಿನವರು ಹೊರಗೆ ಬಂದು ಓಬಮ್ಮನಿಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಮೇಷ್ಟ್ರು ಅಂಗಿ ಎಳೆದುಕೊಂಡು ಮುಂದೆ ಹೋದರು. ಬಾಯಿ ತೆರೆಯುವುದರೊಳಗೆ ಸಾಹೇಬರು ಅತಿಥಿಯ ತೋಳು ಹಿಡಿದು, ಊಟ ತಣ್ಣಗಾಗುತ್ತದೆ ಎಂದು ಕಾರಿಗೆ ಹತ್ತಿಸಿದರು. ಮೇಷ್ಟ್ರು ಹತ್ತಲು ಹೋದ ಹಿಂದಿನ ಜೀಪಿನ ಬಾಗಿಲನ್ನು ಯಾರೋ ಒಳಗಿನಿಂದ ಎಳೆದುಕೊಂಡರು. ಧೂಳು ಇಳಿಯುವವರೆಗೂ ಮೇಷ್ಟ್ರು ಅಲ್ಲೇ ನಿಂತಿದ್ದರು.

"ಏನಂದ್ರವ್ವಾ ಅವರು?" ಎಂದು ಓಬಮ್ಮನನ್ನು ಕೇಳಿದರು, ಕೊನೆಗೆ.

"ಅವರವ್ವನೂ ಹುಳ ಸಾಕ್ತಿದ್ಲಂತೆ ಸಾ."

"ನಿನಗೆಂಗೆ ತಿಳೀತು? ಭಾಷೆ ಬರಲ್ವಲ್ಲ?"

"ಕೈಯಾಗೆ ತೋರಿಸಿದ್ರಲ್ಲ. ಇಷ್ಟುದ್ದ ಇದ್ದಾಗ ಅವ್ವನ ಸೆರಗು ಹಿಡ್ಕಂಡು, ಸೊಪ್ಪಿನ ಗಂಟು ಬೆನ್ನ ಮ್ಯಾಲೆ ಹೊತ್ತು... ಸೆರಗೋ ಇನ್ನೇನೋ, ಅವರ ದೇಶದಾಗೆ ಏನುಡ್ತಾರೋ. ನಮ್ಮ ಹುಳ ಚೆನ್ನಾಗವೆ ಅಂದ್ರು. ನಮ್ಮ ಬಗ್ಗೇನೂ ಅಂದ್ರು, ಒಳ್ಳೇದೇ ಇರ್ಬೇಕು ಸಾ. ಮುಖ ನೋಡಿದ್ರೆ ತಿಳೀತೈತೆ."

ಹಾನಗಲ್‌ಗೆ ಬಂದೆವು. ಚಳ್ಳಕೆರೆ ಬಸ್ಸಿನಲ್ಲಿ ಸೀಟು ಸಿಕ್ಕಿತು, ಕೂತರು. "ಬೇಜಾರಾಯ್ತಾ ಸಾರ್?" ಎಂದೆ. "ಬೇಜಾರಾಗದೆ ಏನು ಮೇಡಂ? ಸುಳ್ಳು ಯಾಕೆ ಹೇಳ್ಲಿ. ಎದೆ ಉರೀತೈತೆ" ಎಂದು ಕಿಟಕಿಯ ಕಡೆ ತಿರುಗಿದರು. ನನಗೆ ಅಳು ಬಂತು. ಈ ಬುರುಡೆ ಮನುಷ್ಯನಿಗಾಗಿ ಅಳುತ್ತೇನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಓಬಮ್ಮನ ಹುಳು ಹಣ್ಣಾದವು, ಬಿದಿರು ತಟ್ಟೆಯ ಚಂದ್ರಿಕೆ ಹತ್ತಿದವು, ಬಿಳಿಯ ಗೂಡು ಕಟ್ಟಿದವು. ಆಡಿಕೊಂಡಿದ್ದವರೇ ಮುಂದಿನ ಸಲ ಮೊಟ್ಟೆ ಕೇಳಿಕೊಂಡು ಬಂದರು. ಜಪಾನಿನವರು ಆಮೇಲೆಯೂ ಒಂದೆರಡು ಸಲ ನಮ್ಮ ತಾಲ್ಲೂಕಿಗೆ ಬಂದರು ಎಂದು ಕೇಳಿದೆ. ಶಿಷ್ಟಾಚಾರ ಗೊತ್ತಿಲ್ಲದ ಮನುಷ್ಯ ಎಂದು ಸಾಹೇಬರು ಹೇಳಿಹೋಗಿದ್ದರಿಂದ ಮೇಷ್ಟ್ರನ್ನು ಯಾರೂ ಕರೆಯಲಿಲ್ಲ. ಅವರು ತರಗತಿಯಲ್ಲಿ ಇಲ್ಲದ ಸೋವಿಯತ್ತನ್ನು ಪಾಠ ಮಾಡಿಕೊಂಡು, ಪುಸ್ತಕ ಬದಲಾದ ಮೇಲೆ ಅದನ್ನೂ ಬಿಟ್ಟು, ಕಾಲ ಬಂದಾಗ ನಿವೃತ್ತರಾದರು. ಪರದೇಶದ ಒಬ್ಬರೊಂದಿಗೂ ಮಾತಾಡಲಿಲ್ಲ.

ನಿವೃತ್ತಿಯಾದ ಕೆಲವು ವರ್ಷಗಳಿಗೆ, ಒಂದು ಬೆಳಿಗ್ಗೆ ಕೂತಲ್ಲೇ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಮನೆ ಮುಂದೆ ಶಾಮಿಯಾನ ಹಾಕಿ, ಬೆಂಚಿನ ಮೇಲೆ ಮಲಗಿಸಿದ್ದರು. ಹಳೆಯ ವಿದ್ಯಾರ್ಥಿಗಳು, ಎರಡೂ ಬಣದ ಸಹೋದ್ಯೋಗಿಗಳು, ರಾಯದುರ್ಗದ ನೆಂಟರು ತುಂಬಿದ್ದರು. ರಸ್ತೆಯಾಚೆ, ಬಾಗಿಲು ಹಾಕಿದ ಎಣ್ಣೆ ಮಿಲ್ಲಿನ ಗೋಡೆಗೆ ಒತ್ತಿಕೊಂಡು, ಬಿಸಿಲಲ್ಲಿ ಒಬ್ಬಳು ನಿಂತಿದ್ದಳು. ಬಂದಾಗಿನಿಂದ ಅಲ್ಲೇ ಇದ್ದಾಳೆ, ಒಳಗೆ ಬರುತ್ತಿಲ್ಲ, ಇದೇನು ಸೊಕ್ಕು ಎಂದು ಯಾರೋ ಗೊಣಗುತ್ತಿದ್ದರು. ನೋಡಿದರೆ ಓಬಮ್ಮ. ರಸ್ತೆ ದಾಟಿ ಹೋದೆ. ಹತ್ತಿರ ಹೋಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದಳು.

"ಮುಟ್ಟಬ್ಯಾಡ್ರಿ ಅಕ್ಕಾರೆ. ಮನ್ಯಾಗೆ ಹುಳು ಅವೆ, ಹಣ್ಣಾಗಾಕೆ ಬಂದವೆ. ಸಾವಿನ ಮನೆ ಹೊಗಂಗಿಲ್ಲ. ಬರಬಾರ್ದಿತ್ತು, ಮನಸ್ಸು ತಡೀಲಿಲ್ಲ."

ವಾಪಸ್ ಬಂದು ಮೇಷ್ಟ್ರ ಹೆಂಡತಿಗೆ ಹೇಳಿದೆ. ಆಕೆ ಕಣ್ಣೊರೆಸಿಕೊಂಡು ರಸ್ತೆಯಾಚೆ ನೋಡಿದರು. ಅಲ್ಲಿಂದ ಓಬಮ್ಮನಿಗೆ ಕಾಣುತ್ತಿದ್ದುದು ಜನರ ಬೆನ್ನು ಮಾತ್ರ. ಮೇಷ್ಟ್ರ ಹೆಂಡತಿ ಎದ್ದು ನಿಂತು, "ಅಂದರೂ ಜರಗಂಡಿ. ಸ್ವಲ್ಪ ಪಕ್ಕಕ್ಕೆ ಸರೀರಿ. ಬೆಂಚು ಎತ್ತಿ ರಸ್ತೆ ಕಡೆ ತಿರುಗಿಸ್ರಪ್ಪಾ, ಆಯಮ್ಮಗೆ ಮುಖ ಕಾಣ್ಲಿ" ಎಂದರು.

ತಲೆ ಯಾವ ದಿಕ್ಕಿಗೆ ಬರುತ್ತದೆ, ಹಾಗೆ ತಿರುಗಿಸಬಹುದೇ ಎಂದು ಹಿರಿಯರೊಬ್ಬರು ತಗಾದೆ ತೆಗೆದರು. ಹುಡುಗರು ಅಷ್ಟರಲ್ಲಿ ಬೆಂಚು ಎತ್ತಿದ್ದರು. ಜನ ಎರಡು ಪಾಲಾಗಿ ಸರಿದು ನಡುವೆ ದಾರಿಯಾಯಿತು. ದಿಂಬು ಸ್ವಲ್ಪ ಎತ್ತರಿಸಿದೆವು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದು ದಾಟುವವರೆಗೂ ಕಾದು ಓಬಮ್ಮ ಮಿಲ್ಲಿನ ಗೋಡೆಯ ಪಕ್ಕದಿಂದಲೇ ಕೈ ಮುಗಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು. ಹುಳುವಿಗೆ ಮಧ್ಯಾಹ್ನದ ಸೊಪ್ಪು ಹಾಕಬೇಕಿತ್ತು.